ಒಂದೂವರೆ ವರ್ಷ ಹೋದ ಸಪೋರ್ಟ್ ಗ್ರೂಪ್: ನಾಲ್ಕು ಸ್ಟಾರ್, ಒಂದು ಯಾಕೆ ಕಟ್ ಅಂತನೂ ಹೇಳ್ತೀನಿ

ಮೊದ್ಲೇ ಹೇಳ್ಬಿಡ್ತೀನಿ, ಗ್ರೂಪಿನ ಹೆಸರು, ಅದು ಎಲ್ಲಿ ನಡೆಯುತ್ತೆ, ಯಾವ ದಿನ ನಡೆಯುತ್ತೆ ಯಾವ್ದನ್ನೂ ಇಲ್ಲಿ ಹಾಕಲ್ಲ. ಅಲ್ಲಿ ಬಂದು ಕೂರೋರನ್ನ ಹುಡುಕ್ಕೊಂಡು ಅಲೆಯೋ ಜನ ಇದ್ದಾರೆ, ಇದನ್ನ ಓದೋರಲ್ಲಿ ಅಂಥವನು ಒಬ್ಬ ಇದ್ರೂ ಸಾಕು. ಹೆಸರೇ ಇಲ್ದಿರೋ ರಿವ್ಯೂ ತಗೊಂಡು ಏನ್ ಮಾಡೋದು ಅಂತೀರಾ? ಮನೆಯೊಳಗಿನ ಹಿಂಸೆಯಿಂದ ಆಚೆ ಬಂದ ಕುಟುಂಬಗಳಿಗೆ ಆಸರೆ ಆಗ್ತೀವಿ ಅನ್ನೋ ಗ್ರೂಪು ನಿಮ್ ಹತ್ರನೂ ಒಂದಿರ್ಬೋದು, ಅಲ್ಲಿಗೆ ಹೋದಾಗ ಏನ್ ನೋಡ್ಬೇಕು ಅಂತ ಗೊತ್ತಾದ್ರೆ ಸಾಕು. ನಂಗೆ ಗೊತ್ತಿರ್ಲಿಲ್ಲ, ಸುಮ್ನೆ ಹೋಗಿದ್ವಿ.

ನಾನು ಹೋಗಿದ್ದು ಅಕ್ಕನ ಜೊತೆ. ಅಕ್ಕ, ಅವಳ ಮಗ, 14 ವರ್ಷ, ಮಗಳು 7. ಮೂರೂ ಜನ ಒಂದು ರಾತ್ರಿ ಶಾಲೆ ಬ್ಯಾಗಲ್ಲಿ ಬಟ್ಟೆ ತುರ್ಕೊಂಡು ನಮ್ಮನೆಗೆ ಬಂದ್ರು. ಅದು ಮೂರನೇ ಸಲ. ಎರಡನೇ ಸಲ ಬಂದು ಗಂಡನ ಹತ್ರ ವಾಪಸ್ ಹೊರಟಾಗ ನಾನು ಬಾಗಿಲಲ್ಲಿ ನಿಂತ್ಕೊಂಡು "ಮತ್ತೆ ಅವನ ಹತ್ರ ಹೋಗೋದಾದ್ರೆ ಇನ್ಮೇಲೆ ನನ್ ಹತ್ರ ಬರ್ಬೇಡ" ಅಂದಿದ್ದೆ. ಆ ಮಾತಿಗೆ ಹೆದರಿ ಅವಳು ಹನ್ನೊಂದು ತಿಂಗಳು ಜಾಸ್ತಿ ಅಲ್ಲೇ ಇದ್ಲು. ಅವಳೇನೂ ಬಾಯ್ಬಿಟ್ಟು ಹೇಳ್ಲಿಲ್ಲ, ಗ್ರೂಪಲ್ಲಿ ಇನ್ಯಾರೋ ತಮ್ಮ ತಂಗಿ ಹಿಂಗಂದ್ಲು ಅಂತ ಹೇಳ್ತಿದ್ದಾಗ ಅಕ್ಕ ನನ್ ಕಡೆ ನೋಡ್ದೆ ನೆಲ ನೋಡ್ಕೊಂಡು ಕೂತಿದ್ಲು, ನಂಗೆ ಅಷ್ಟು ಸಾಕಾಯ್ತು. ಬಿಟ್ಟು ಬರೋದು ಒಂದೇ ಸಲಕ್ಕೆ ಆಗೋದು ಕಮ್ಮಿ, ಹೋಗ್ತಾರೆ, ವಾಪಸ್ ಬರ್ತಾರೆ, ಮತ್ತೆ ಹೋಗ್ತಾರೆ, ಪ್ರತಿ ಸಲಾನೂ ಬಾಗಿಲು ತೆಗ್ದಿರೋ ಒಂದು ಮನೆ ಬೇಕು ಅಂತ ಅಲ್ಲಿ ಹೇಳಿದ್ರು. ನಾನು ತಂಗಿ, ನಂಗೇ ಗೊತ್ತಿರ್ಲಿಲ್ಲ ನೋಡಿ.

ಮೊದಲ ದಿನದ ಅನುಭವಕ್ಕೆ ಐದಕ್ಕೆ ಐದು. ಏನಾಯ್ತು ಅಂತ ಯಾರೂ ಕೇಳ್ಲಿಲ್ಲ. ನಂಗಂತೂ ಅದೇ ಆಶ್ಚರ್ಯ, ಯಾಕಂದ್ರೆ ಅಲ್ಲಿಗೆ ಹೋಗೋಷ್ಟ್ರಲ್ಲಿ ಅಕ್ಕ ಅದೇ ಕತೆನ ನೆಂಟರಿಗೆ, ಡಾಕ್ಟರಿಗೆ, ಪೊಲೀಸ್‌ಗೆ ಎಲ್ಲಾ ಸೇರಿ ಆರೇಳು ಸಲ ಹೇಳಿದ್ಲು, ಹೇಳ್ತಾ ಹೇಳ್ತಾ ಅವಳಿಗೇ ಅದು ಬೇರೆಯವರ ಕತೆ ಥರ ಆಗೋಗಿತ್ತು. ಇಲ್ಲಿ ಕೂತಿದ್ದ ಮೇಡಂ ಕೇಳಿದ್ದು: ಇವತ್ತು ರಾತ್ರಿ ಎಲ್ಲಿ ಮಲಗ್ತೀರಾ, ಆ ಮನೆ ಬೀಗದ ಕೀ ಇನ್ಯಾರ ಹತ್ರ ಇದೆ, ಫೋನ್ ಸಿಮ್ ಯಾರ ಹೆಸರಲ್ಲಿದೆ, ಮಗಳನ್ನ ಶಾಲೆಯಿಂದ ಕರ್ಕೊಂಡು ಹೋಗೋಕೆ ಯಾರ್ಯಾರ ಹೆಸರು ಬರ್ಸಿದ್ದೀರಾ. ಕೊನೇದು ಕೇಳಿದ ತಕ್ಷಣ ಅಕ್ಕನ ಮುಖ ಬಿಳಿಚ್ಕೊಂಡ್ತು. ಅಪ್ಪ ಅಂತ ಅವನ ಹೆಸರೇ ಇತ್ತು ಶಾಲೆಲಿ. ಮಾರನೇ ದಿನ ಬೆಳಿಗ್ಗೆ ವಾಲಂಟಿಯರ್ ಒಬ್ರು ಅಕ್ಕನ ಜೊತೆ ಶಾಲೆಗೇ ಬಂದ್ರು. ಅಪ್ಪನ ಹೆಸರನ್ನ ಕೋರ್ಟ್ ಆರ್ಡರ್ ಇಲ್ದೆ ತೆಗೆಯೋಕಾಗಲ್ಲ ಅಂತ ಶಾಲೆಯವರು ಅಂದ್ರು, ಆದ್ರೆ ಯಾರು ಬಂದ್ರೂ ಮೊದ್ಲು ಅಮ್ಮಂಗೆ ಫೋನ್ ಮಾಡಿ ಅಂತ ಅದೇ ಪುಟದಲ್ಲಿ ಬರ್ಸಿ ಬಂದ್ವಿ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಆಸ್ಪತ್ರೆಯವರಿಗೆ ಅಂತ ಮಾಡಿದ ಕೈಪಿಡಿಲೂ ಇದೇ ಇದೆಯಂತೆ, ಕಿವಿಗೊಡಿ, ಏನ್ ಬೇಕು ಕೇಳಿ, ನಂಬಿದ್ದೀನಿ ಅಂತ ತೋರ್ಸಿ, ಸೇಫ್ ಆಗಿದ್ದಾರಾ ನೋಡಿ, ಮುಂದಿನ ಸಹಾಯಕ್ಕೆ ಜೋಡ್ಸಿ. ಎಲ್ಲಾ ಬಾಯ್ಬಿಡ್ಸಿ ಅಂತ ಅದ್ರಲ್ಲಿ ಎಲ್ಲೂ ಇಲ್ಲ.

ಆಮೇಲೆ ಒಂದು ಪ್ರಶ್ನೆಪಟ್ಟಿ ತೆಗೆದ್ರು. 20 ಪ್ರಶ್ನೆ, ಹೌದು ಇಲ್ಲ ಅಂತ ಹೇಳ್ಬೇಕು ಅಷ್ಟೇ. ಜಾಕ್ವೆಲಿನ್ ಕ್ಯಾಂಬೆಲ್ ಅನ್ನೋ ಅಮೆರಿಕದ ನರ್ಸಿಂಗ್ ಪ್ರೊಫೆಸರ್ 1980ರ ದಶಕದಲ್ಲಿ ಶುರು ಮಾಡಿ ಆಮೇಲೆ ತಿದ್ದಿ ತೀಡಿದ ಪಟ್ಟಿ ಅದು, ಹೆಂಗಸಿನ ಜೀವಕ್ಕೇ ಎಷ್ಟು ಅಪಾಯ ಇದೆ ಅಂತ ಅಳೆಯೋಕೆ. ಅಕ್ಕ ಟಕಟಕ ಅಂತ ಉತ್ತರ ಕೊಡ್ತಿದ್ಲು, ಬ್ಯಾಂಕ್ ಫಾರ್ಮ್ ತುಂಬ್ಸೋ ಥರ. "ಯಾವತ್ತಾದ್ರೂ ಕತ್ತು ಹಿಸುಕಿದ್ರಾ" ಅಂದಾಗ ನಿಂತ್ಬಿಟ್ಲು. ಕೈ ತಾನಾಗೇ ದುಪಟ್ಟಾ ಹತ್ರ ಹೋಯ್ತು. "ಒಂದೆರಡು ಸಲ, ಆದ್ರೆ ಗಾಯ ಏನೂ ಆಗಿಲ್ಲ" ಅಂದ್ಲು. ನಂಗೆ ಗೊತ್ತೇ ಇರ್ಲಿಲ್ಲ ಇದು, ಕೆನ್ನೆಗೆ ಹೊಡೆದಿದ್ದು, ತಳ್ಳಿದ್ದು ಗೊತ್ತಿತ್ತು, ಇದು ಗೊತ್ತಿರ್ಲಿಲ್ಲ. ಮೇಡಂ ಪೆನ್ ಕೆಳಗಿಟ್ಟು ಹೇಳಿದ್ರು, ಕತ್ತು ಹಿಸುಕಿಸ್ಕೊಂಡ ಹೆಂಗಸು ಮುಂದೆ ಅದೇ ಗಂಡಸಿನ ಕೈಲಿ ಕೊಲೆ ಆಗೋ ಸಾಧ್ಯತೆ ಏಳು ಪಟ್ಟು ಜಾಸ್ತಿ ಅಂತ 2008ರ ಒಂದು ಅಧ್ಯಯನದಲ್ಲಿ ಬಂದಿದೆ, ಹೊರಗಡೆ ಗುರುತು ಕಾಣ್ದೇ ಇದ್ರೂ ಒಳಗೆ ರಕ್ತನಾಳಕ್ಕೆ ಏಟಾಗಿರ್ಬೋದು, ಅದಕ್ಕೇ ಇವತ್ತೇ ಡಾಕ್ಟರಿಗೆ ತೋರ್ಸಿ, ಕತ್ತು ಹಿಸುಕಿದ್ದು ಅನ್ನೋ ಪದಾನೇ ಬಳ್ಸಿ, "ಜಗಳ ಆಯ್ತು" ಅನ್ಬೇಡಿ. ಬಿಟ್ಟು ಬಂದ ಮೇಲಿನ ದಿನಗಳೇ ಎಲ್ಲಕ್ಕಿಂತ ಅಪಾಯದ್ದು ಅಂತಾನೂ ಅವತ್ತೇ ಗೊತ್ತಾಗಿದ್ದು. ನಾನು ಮನೆಗೆ ಬಂದ್ಲಲ್ಲ, ಇನ್ನೇನು ಮುಗೀತು ಅಂದ್ಕೊಂಡು ರಾತ್ರಿ ಚಿಲಕನೂ ಹಾಕ್ದೆ ಮಲಗ್ತಿದ್ದೆ.

ಫೋನ್ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಇದನ್ನ ಬೇರೆ ಎಲ್ಲೂ ಯಾರೂ ನಮಗೆ ಹೇಳಿರ್ಲಿಲ್ಲ. ಅವರು ಬಂದ ದಿನವೇ ನಾನು ಜಾಣತನ ಮಾಡಿ ಅಕ್ಕನ ಫೋನ್ ಪೂರ್ತಿ ರೀಸೆಟ್ ಮಾಡೋಕೆ ಹೊರಟಿದ್ದೆ, ಸದ್ಯ ಚಾರ್ಜ್ ಇರ್ಲಿಲ್ಲ. ಗ್ರೂಪಲ್ಲಿ ಫೋನ್ ನೋಡ್ಕೊಳ್ಳೋ ಹುಡುಗಿ ಮೊದ್ಲು ಹೇಳಿದ್ದೇ ಏನೂ ಅಳಿಸ್ಬೇಡಿ ಅಂತ. ಬೆದರಿಕೆ ಮೆಸೇಜೆಲ್ಲಾ ಸಾಕ್ಷಿ, ಸ್ಕ್ರೀನ್‌ಶಾಟ್ ತೆಗೆದು ಅವನಿಗೆ ಗೊತ್ತಿಲ್ದಿರೋ ಹೊಸ ಅಕೌಂಟಿಗೆ ಕಳ್ಸಿ ಆಮೇಲೆ ಬೇರೆ ಮಾತು. ಅದೂ ಅಲ್ದೆ ಲೊಕೇಶನ್ ಶೇರಿಂಗ್ ಪಟ್ ಅಂತ ಆಫ್ ಮಾಡಿದ್ರೆ ಆ ಕಡೆ ಅವನಿಗೆ ತಕ್ಷಣ ಗೊತ್ತಾಗ್ಬೋದು, ಅದ್ರಿಂದ ಅವನು ಕೆರಳ್ಬೋದು, ಯಾವಾಗ ಆಫ್ ಮಾಡ್ಬೇಕು ಅನ್ನೋದನ್ನೂ ಪ್ಲಾನ್ ಮಾಡ್ಕೊಂಡೇ ಮಾಡ್ಬೇಕು. ಮ್ಯಾಪ್‌ನಲ್ಲಿ ಲೊಕೇಶನ್ ಶೇರ್ ಆನ್ ಇತ್ತು, ಫೋಟೋ ಎಲ್ಲಾ ಇಬ್ರೂ ಬಳ್ಸೋ ಒಂದೇ ಅಕೌಂಟಿಗೆ ಹೋಗ್ತಿತ್ತು, ವಾಟ್ಸಾಪ್ ಅವನ ಲ್ಯಾಪ್‌ಟಾಪಲ್ಲಿ ಲಿಂಕ್ ಆಗೇ ಇತ್ತು, ಅಂದ್ರೆ ಅಕ್ಕ ನಂಗೆ "ಬರ್ತಿದ್ದೀನಿ" ಅಂತ ಕಳ್ಸಿದ್ದ ಮೆಸೇಜ್ ಅವನೂ ಓದಿರ್ಬೋದು. ಆಮೇಲೆ ಆ ಹುಡುಗಿ ಮಗಳ ಸ್ಕೂಲ್ ಬ್ಯಾಗ್ ಕೊಡಿ ಅಂದ್ಲು, ಒಳಗಿನ ಜಿಪ್ಪೆಲ್ಲಾ ತೆಗೆದು ನೋಡಿದ್ಲು, ಕೀ ಹುಡುಕೋಕೆ ಅಂತ ಮಾರ್ತಾರಲ್ಲ ಬಿಲ್ಲೆಯಷ್ಟು ಪುಟ್ಟ ಟ್ರ್ಯಾಕರ್, ಅದನ್ನ ಬ್ಯಾಗಲ್ಲಿ ಇಟ್ಟಿರ್ತಾರಂತೆ. ನಮ್ಮದ್ರಲ್ಲಿ ಇರ್ಲಿಲ್ಲ. ಅಪರಿಚಿತ ಟ್ರ್ಯಾಕರ್ ಜೊತೆಗೆ ಬರ್ತಿದ್ರೆ ಆಂಡ್ರಾಯ್ಡ್ ಫೋನೂ ಎಚ್ಚರಿಕೆ ಕೊಡೋಕೆ ಶುರು ಆಗಿದ್ದು 2023ರಿಂದ, ಆ ಸೆಟ್ಟಿಂಗ್ ಆನ್ ಇದ್ಯಾ ನೋಡ್ಕೊಳ್ಳಿ ಅಂತ ತೋರಿಸ್ಕೊಟ್ಲು.

ಈಗ ನಿಜವಾದ ಸರ್ವೀಸ್‌ಗೆ ಬರ್ತೀನಿ. ವಾರದ ಮೀಟಿಂಗ್ ಇರುತ್ತೆ, ಅದು ಎಲ್ಲಾ ಕಡೆನೂ ಇರುತ್ತೆ. ಇಲ್ಲಿ ಒಂದೊಂದು ಕುಟುಂಬಕ್ಕೆ ಒಬ್ರು ಜೊತೆಗಾರ್ತಿ ಅಂತ ಕೊಡ್ತಾರೆ, ವಾರಕ್ಕೆ ನಾಲ್ಕೈದು ಗಂಟೆ ಅವರು ನಿಮ್ ಜೊತೆ ಓಡಾಡ್ತಾರೆ. ಬುದ್ಧಿ ಹೇಳೋಕಲ್ಲ, ಓಡಾಡೋಕೆ. ಬ್ಯಾಂಕಿಗೆ, ಕೋರ್ಟಿಗೆ, ಬಾಡಿಗೆ ಮನೆ ನೋಡೋಕೆ, ಕೆಲಸದ ಇಂಟರ್‌ವ್ಯೂಗೆ ಹೋದಾಗ ಮಗು ನೋಡ್ಕೊಳ್ಳೋಕೆ. ಅಕ್ಕನ ಹೆಸರಲ್ಲಿ ಅವಳಿಗೇ ಗೊತ್ತಿಲ್ದೇ ಒಂದು ಲೋನ್ ಇದೆ ಅಂತ ಗೊತ್ತಾಗಿದ್ದೇ ಈ ಜೊತೆಗಾರ್ತಿ ಬ್ಯಾಂಕಲ್ಲಿ ಕೂತು "ಎಲ್ಲಾ ಅಕೌಂಟೂ ತೋರ್ಸಿ" ಅಂತ ಪಟ್ಟು ಹಿಡಿದಿದ್ರಿಂದ. ನಾನು ಮೊದ್ಲು ಇದೇನು ಮಹಾ, ಇದನ್ನ ನಾನೇ ಮಾಡ್ಬೋದಲ್ಲ ಅಂದ್ಕೊಂಡೆ. ಎರಡನೇ ವಾರಕ್ಕೇ ನನ್ನ ರಜೆ ಖಾಲಿ ಆಯ್ತು, ಮೂರನೇ ವಾರಕ್ಕೆ ನನ್ನ ತಾಳ್ಮೆನೂ ಖಾಲಿ ಆಯ್ತು, ಅವರು ಮಾತ್ರ ಬರ್ತಾನೇ ಇದ್ರು.

ಇದು ಬರೀ ನಮ್ಮನೆ ಅನುಭವ ಅಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ಕ್ರಿಸ್ ಸಲಿವನ್ ಅನ್ನೋರು ಶೆಲ್ಟರ್, ಅಂದ್ರೆ ಇಂಥ ಹೆಂಗಸರು ಸ್ವಲ್ಪ ದಿನ ಉಳ್ಕೊಳ್ಳೋ ಆಸರೆ ಮನೆ, ಬಿಟ್ಟು ಹೋಗ್ತಿದ್ದ 278 ಹೆಂಗಸರನ್ನ ಎರಡು ಗುಂಪು ಮಾಡಿ ನೋಡಿದ್ರು. ಒಂದು ಗುಂಪಿಗೆ 10 ವಾರ ಇಂಥ ಜೊತೆಗಾರ್ತಿಯರನ್ನ ಕೊಟ್ರು, ಇನ್ನೊಂದಕ್ಕೆ ಇಲ್ಲ. ಎರಡು ವರ್ಷ ಆದ್ಮೇಲೆ ನೋಡಿದ್ರೆ, ಆ ಅವಧಿಲಿ ಒಂದ್ಸಲನೂ ಹಿಂಸೆ ಅನುಭವಿಸ್ದೇ ಇದ್ದೋರು ಮೊದಲ ಗುಂಪಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. 1999ರಲ್ಲಿ ಪ್ರಕಟ ಆಗಿದ್ದು. ಬರೀ 10 ವಾರ ಓಡಾಡಿದ್ದು ಎರಡು ವರ್ಷ ಕೆಲಸ ಮಾಡಿದೆ ಅಂದ್ರೆ ನೋಡಿ. ಆ ಓಡಾಟ ಮುಗಿದಿದ್ದು ಮಾತ್ರ ಹತ್ತೇ ವಾರಕ್ಕೆ. ನಮ್ ಗ್ರೂಪಲ್ಲೂ ಹನ್ನೆರಡು ವಾರಕ್ಕೆ ನಿಲ್ಲುತ್ತೆ, ಅದರ ಬಗ್ಗೆ ಮುಂದೆ ಬೈತೀನಿ.

ಮೀಟಿಂಗ್ ಹಾಲಿನ ಗೋಡೆ ಮೇಲೆ ಒಂದು ಚಕ್ರದ ಚಿತ್ರ ಇದೆ. ಮಧ್ಯದಲ್ಲಿ ಅಧಿಕಾರ, ಹಿಡಿತ ಅಂತ ಬರ್ದಿರುತ್ತೆ, ಸುತ್ತ ಎಂಟು ಭಾಗ, ಹೆದರ್ಸೋದು, ಜನರಿಂದ ದೂರ ಇಡೋದು, ದುಡ್ಡು ಕೈಲಿ ಇಟ್ಕೊಳ್ಳೋದು, ಮಕ್ಕಳನ್ನ ಬಳ್ಸೋದು ಈ ಥರ, ಹೊಡೆತ ಬಡಿತ ಇರೋದು ಹೊರಗಿನ ಪಟ್ಟಿಲಿ. 1984ರಲ್ಲಿ ಅಮೆರಿಕದ ಡುಲೂತ್ ಅನ್ನೋ ಊರಲ್ಲಿ ಏಟು ತಿಂದ ಹೆಂಗಸರು ಹೇಳಿದ್ದನ್ನೇ ಸೇರ್ಸಿ ಮಾಡಿದ ಚಿತ್ರವಂತೆ. ಅಕ್ಕ ಮೊದಲ ತಿಂಗಳು ಬಾಯೇ ಬಿಡ್ಲಿಲ್ಲ. ಒಂದಿನ ಮೀಟಿಂಗ್ ಮುಗಿದು ಎಲ್ರೂ ಚಪ್ಪಲಿ ಹಾಕ್ಕೊಳ್ತಿದ್ದಾಗ ಎದ್ದು ಹೋಗಿ ಆ ಚಿತ್ರದ ಮೇಲೆ ಬೆರಳಿಟ್ಟು ಒಂದೊಂದೇ ಭಾಗ ಮುಟ್ಟಿದ್ಲು. ಏಳು ಮುಟ್ಟಿ ಎಂಟನೇದ್ರ ಹತ್ರ ನಿಂತ್ಲು, "ಇದೂ ಇತ್ತಾ" ಅಂತ ನನ್ನನ್ನ ಕೇಳಿದ್ಲು. ಅವಳು ಕೇಳಿದ್ದು ಮಕ್ಕಳನ್ನ ಬಳ್ಸೋದು ಅನ್ನೋದ್ರ ಬಗ್ಗೆ. ಶಾಲೆಯಿಂದ ಬಂದ ಮಗನ್ನ ಕೂರಿಸ್ಕೊಂಡು ಅಮ್ಮ ಇವತ್ತು ಯಾರ ಜೊತೆ ಮಾತಾಡಿದ್ಲು ಅಂತ ಅವನು ದಿನಾ ಕೇಳ್ತಿದ್ದ, ನಾವೆಲ್ಲಾ ಅಪ್ಪ ಮಗ ಎಷ್ಟು ಕ್ಲೋಸ್ ಅಂತಿದ್ವಿ.

ಅವನನ್ನ ಭಾವ ಅನ್ನೋದು ನಿಲ್ಸೋಕೆ ನಂಗೇ ಆರು ತಿಂಗಳು ಬೇಕಾಯ್ತು, ಬಾಯಿಗೆ ಅದೇ ಬರ್ತಿತ್ತು.

ಮಕ್ಕಳ ರೂಮಿಗೆ ಬಂದ್ರೆ, ಅಲ್ಲಿ ಗೊಂಬೆ, ಬಣ್ಣ, ಮಣ್ಣು ಎಲ್ಲಾ ಇದೆ, ಯಾರೂ "ಮನೇಲಿ ಏನಾಯ್ತು ಚಿತ್ರ ಬರಿ" ಅನ್ನಲ್ಲ. ಮಗಳು ಶುರೂಲಿ ಆಟನೇ ಆಡ್ತಿರ್ಲಿಲ್ಲ, ಗೊಂಬೆಗಳನ್ನ ಎತ್ತಿ ಎತ್ತಿ ಸಾಲಾಗಿ ಇಡೋದು. ನಮ್ಮನೇಲೂ ಹಂಗೇ, ಸಂಜೆ ನಾನು ಕೆಲಸದಿಂದ ಬಂದು ಬಾಗಿಲಿಗೆ ಕೀ ಹಾಕಿದ ಶಬ್ದ ಕೇಳಿದ್ರೆ ಸಾಕು, ಒಳಗೆ ದಡಬಡ ಅಂತ ಓಡಾಟ, ಬಾಗಿಲು ತೆಗೆಯೋಷ್ಟ್ರಲ್ಲಿ ನೆಲದ ಮೇಲೆ ಒಂದು ಪೆನ್ಸಿಲೂ ಇರ್ತಿರ್ಲಿಲ್ಲ, ಇಬ್ರೂ ಗೋಡೆಗೊರಗಿ ಕೂತಿರ್ತಿದ್ರು. ನಾನು ಎಷ್ಟು ಶಿಸ್ತಿನ ಮಕ್ಕಳು ಅಂತ ಹೊಗಳಿದ್ದೆ ಬೇರೆ! ಮಕ್ಕಳ ರೂಮಿನ ಆಂಟಿಗೆ ಇದನ್ನ ಹೇಳಿದಾಗ ಅವರು, ಕೀ ಹಾಕೋಕೆ ಮುಂಚೆ ಹೊರಗಿಂದ ಜೋರಾಗಿ ನಿಮ್ ಹೆಸರು ಹೇಳಿ, ಏನಾದ್ರೂ ಹಾಡು ಗುನುಗಿ, ದಿನಾ ಒಂದೇ ಥರ ಮಾಡಿ ಅಂದ್ರು. ಅಷ್ಟೇ ಅವರ ಟ್ರೀಟ್‌ಮೆಂಟ್. ನಾಲ್ಕು ತಿಂಗಳಾದ್ಮೇಲೆ ಒಂದಿನ ಬಾಗಿಲು ತೆಗ್ದ್ರೆ ನೆಲದ ತುಂಬ ಆಟದ ಸಾಮಾನು, ಕಾಲಿಡೋಕೆ ಜಾಗ ಇಲ್ಲ, ಅವಳು ತಲೆ ಎತ್ತಿ ನೋಡ್ಲೂ ಇಲ್ಲ. ನಾನು ಒಂದು ಬ್ಲಾಕ್ ಮೇಲೆ ಕಾಲಿಟ್ಟು ಬಿದ್ದೆ, ಮಂಡಿ ತರಚ್ತು.

ಇನ್ನೊಂದು ಒಳ್ಳೇದು, ಇವರು ರಾಜಿ ಪಂಚಾಯ್ತಿ ಮಾಡಲ್ಲ. ಗಂಡ ಹೆಂಡ್ತಿನ ಎದುರು ಬದುರು ಕೂರ್ಸಿ ಮಾತಾಡ್ಸಿ ಅಂತ ನಮ್ ನೆಂಟರೇ ಹೋಗಿ ಕೇಳ್ಕೊಂಡ್ರು, ಖಡಾಖಂಡಿತ ಇಲ್ಲ ಅಂದ್ರು. ಒಬ್ರು ಇನ್ನೊಬ್ರಿಗೆ ಹೆದರೋ ಹಾಗಿದ್ರೆ ಅದು ಮಾತುಕತೆ ಅಲ್ಲ, ಅಲ್ಲಿ ನಿಜ ಹೇಳಿದ್ರೆ ಮನೆಗೆ ಹೋದ್ಮೇಲೆ ಅದಕ್ಕೆ ಲೆಕ್ಕ ತೀರ್ಸ್ಬೇಕಾಗುತ್ತೆ ಅಂತ. ಹೆಂಗಸರ ಮೇಲಿನ ಹಿಂಸೆ ಬಗ್ಗೆ ಕಾನೂನು ಹೆಂಗಿರ್ಬೇಕು ಅಂತ ವಿಶ್ವಸಂಸ್ಥೆ ಮಾಡಿರೋ ಕೈಪಿಡಿಲೂ ಇಂಥ ಕೇಸಲ್ಲಿ ಸಂಧಾನ ಬೇಡ ಅಂತನೇ ಇದೆ. ನೀವು ಹೋದ ಕಡೆ ಮೊದಲ ವಾರದಲ್ಲೇ "ಅವರನ್ನೂ ಕರ್ಕೊಂಡ್ ಬನ್ನಿ, ಅಡ್ಜಸ್ಟ್ ಮಾಡ್ಸೋಣ" ಅಂದ್ರೆ ಬ್ಯಾಗ್ ತಗೊಂಡು ಎದ್ದು ಬನ್ನಿ.

ಸರಿ, ಈಗ ಬೈಗುಳ.

ಮೊದ್ಲನೇದು ಟೈಮಿಂಗ್. ಮೀಟಿಂಗ್ ಇರೋದು ಕೆಲಸದ ದಿನ, ಹಗಲು ಹೊತ್ತಲ್ಲಿ. ಸ್ವಂತ ಕಾಲ ಮೇಲೆ ನಿಲ್ಲಿ, ಕೆಲಸಕ್ಕೆ ಸೇರಿ ಅಂತ ಹುರಿದುಂಬ್ಸೋರೂ ಇವರೇ, ಕೆಲಸ ಸಿಕ್ಕ ತಕ್ಷಣ ಮೀಟಿಂಗ್ ತಪ್ಪಿಹೋಗೋ ಹಾಗೆ ಟೈಮ್ ಇಟ್ಟಿರೋರೂ ಇವರೇ. ಅಕ್ಕ ಹೊಸ ಕೆಲಸದಲ್ಲಿ ತಿಂಗಳಿಗೆರಡು ಸಲ ಹಲ್ಲುನೋವು ಅಂತ ಸುಳ್ಳು ಹೇಳಿ ಬರ್ತಿದ್ಲು, ಆ ಆಫೀಸಿನವರು ಇವಳಿಗೆ ಹಲ್ಲೇ ಉಳಿದಿಲ್ಲ ಅಂದ್ಕೊಂಡಿರ್ಬೇಕು. ಸಂಜೆ ಒಂದು ಬ್ಯಾಚ್ ಮಾಡಿ ಅಂತ ಮೂರು ಸಲ ಬರ್ದು ಕೊಟ್ಟಿದ್ದೀನಿ.

ಎರಡನೇದು ನಂಗೆ ಇನ್ನೂ ಕೋಪ ಇರೋ ವಿಷಯ. ನಮ್ಮನೆ ವಿಳಾಸ ಅವನಿಗೆ ಗೊತ್ತಿತ್ತಲ್ಲ, ಅದಕ್ಕೆ ಶುರೂಲಿ ಕೆಲವು ವಾರ ಶೆಲ್ಟರಲ್ಲಿ ಇರೋದು ಒಳ್ಳೇದು ಅಂತ ಇವರೇ ಹೇಳಿ ಒಂದು ಕಡೆ ಜಾಗನೂ ಮಾಡ್ಸಿದ್ರು. ಹೋದ್ರೆ 12 ದಾಟಿದ ಗಂಡು ಹುಡುಗ್ರಿಗೆ ಪ್ರವೇಶ ಇಲ್ಲ ಅಂದ್ರು. ಒಳಗಿರೋ ಹೆಂಗಸರಿಗೆ ದೊಡ್ಡ ಹುಡುಗ್ರನ್ನ ಕಂಡ್ರೆ ಭಯ ಆಗುತ್ತೆ ಅನ್ನೋ ಕಾರಣ ನಂಗೂ ಅರ್ಥ ಆಗುತ್ತೆ, ಇಂಥ ರೂಲ್ಸ್ ಬಹಳ ಕಡೆ ಇದೆ. ಆದ್ರೆ ಅಮ್ಮನ ಮೇಲೆ ಬೀಳೋ ಏಟಿಗೆ ಅಡ್ಡ ನಿಂತು ತಾನೇ ಹಲ್ಲು ಮುರಿಸ್ಕೊಂಡ ಹುಡುಗನ್ನ ಬಾಗಿಲ ಹೊರಗೆ ನಿಲ್ಸಿ "ನೀನು ಗಂಡಸು" ಅಂದ್ರೆ ಅವನಿಗೆ ಏನನ್ಸುತ್ತೆ? ಅವನು ದಾರಿಲಿ ಕೇಳಿದ್ದು, "ನಾನೂ ಅಪ್ಪನ ಥರ ಕಾಣ್ತೀನಾ ಚಿಕ್ಕಮ್ಮ" ಅಂತ. ಮೂರೂ ಜನ ವಾಪಸ್ ನಮ್ಮನೆಗೇ ಬಂದ್ರು, ನಾನು ಬೀಗ ಬದಲಾಯಿಸಿದೆ, ಪಕ್ಕದ ಮನೆಯವರಿಗೆ ಅವನ ಫೋಟೋ ತೋರ್ಸಿ ಕಂಡ್ರೆ ಹೇಳಿ ಅಂದೆ. 1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಇಂಥ ಹೆಂಗಸರಿಗೆ ಅಂತ ಒಂದು ಪುಟ್ಟ ಮನೆ ತೆಗೆದಿದ್ರಲ್ಲ, ಅದಾಗಿ ಐವತ್ತು ವರ್ಷದ ಮೇಲಾಯ್ತು, ಇನ್ನೂ 14ರ ಹುಡುಗನ್ನ ಎಲ್ಲಿ ಮಲಗ್ಸೋದು ಅಂತ ಬಗೆಹರ್ದಿಲ್ಲ. ಗ್ರೂಪಲ್ಲೂ ಅವನ ವಯಸ್ಸಿನೋರಿಗೆ ಏನೂ ಇಲ್ಲ, ಗೊಂಬೆ ರೂಮಿಗೆ ದೊಡ್ಡೋನು, ದೊಡ್ಡವರ ಮೀಟಿಂಗಿಗೆ ಚಿಕ್ಕೋನು, ಮೆಟ್ಟಿಲ ಮೇಲೆ ಕೂತು ಫೋನ್ ನೋಡ್ತಿದ್ದ.

ಫೋನ್ ಬಗ್ಗೆ ಅಷ್ಟು ಪಾಠ ಮಾಡೋ ಜನ ಎಲ್ರನ್ನೂ ಒಂದೇ ವಾಟ್ಸಾಪ್ ಗ್ರೂಪಿಗೆ ಸೇರ್ಸಿದ್ರು, ಗ್ರೂಪಿನ ಹೆಸರು ಓದಿದ್ರೇ ಏನು ಅಂತ ಗೊತ್ತಾಗೋ ಹಾಗೆ. ಇನ್ನೂ ಗಂಡನ ಜೊತೇಲೇ ಇರೋ ಹೆಂಗಸರೂ ಅದ್ರಲ್ಲಿದ್ರು ಸ್ವಾಮಿ. ಹೇಳಿದ್ಮೇಲೆ ಹೆಸರು ಬದಲಾಯಿಸಿದ್ರು, ಆಮೇಲೆ ಗ್ರೂಪನ್ನೇ ತೆಗೆದು ಫೋನ್ ಮಾಡೋಕೆ ಶುರು ಮಾಡಿದ್ರು. ಹೊಸ ವಾಲಂಟಿಯರ್ ಒಬ್ರು ಮಕ್ಕಳ ಕಾರ್ಯಕ್ರಮದ ಫೋಟೋ ಹಾಕ್ಬಿಟ್ಟಿದ್ರು ಒಂದ್ಸಲ, ಅದನ್ನ ಒಂದು ಗಂಟೆ ಒಳಗೆ ತೆಗ್ಸಿದ್ರು, ಎಲ್ರ ಮನೆಗೂ ಫೋನ್ ಮಾಡಿ ಕ್ಷಮೆ ಕೇಳಿದ್ರು. ತಪ್ಪು ಒಪ್ಕೊಂಡಿದ್ದಕ್ಕೆ ಅರ್ಧ ಸ್ಟಾರ್ ವಾಪಸ್ ಕೊಟ್ಟೆ.

ಕೈ ಸನ್ನೆ ಪೋಸ್ಟರ್ ಒಂದಿದೆ ಬಾಗಿಲ ಹತ್ರ, ಅಂಗೈ ತೋರ್ಸಿ ಹೆಬ್ಬೆರಳು ಒಳಗೆ ಮಡ್ಚಿ ಉಳಿದ ಬೆರಳು ಅದರ ಮೇಲೆ ಮುಚ್ಚೋದು, 2020ರಲ್ಲಿ ಲಾಕ್‌ಡೌನ್ ಟೈಮಲ್ಲಿ ಕೆನಡಾದ ಒಂದು ಮಹಿಳಾ ಫೌಂಡೇಶನ್ ಶುರು ಮಾಡಿದ್ದು. ಕಲ್ತಿರೋದು ಒಳ್ಳೇದೇ, ಆದ್ರೆ ಇಷ್ಟು ಫೇಮಸ್ ಆದ್ಮೇಲೆ ಹೊಡೆಯೋನೂ ಆ ವೀಡಿಯೋ ನೋಡಿರ್ತಾನೆ ಅನ್ನೋದು ನನ್ ಅನುಮಾನ. ಅಕ್ಕ ನಾನು ಬೇರೆ ಒಂದು ಪದ ಇಟ್ಕೊಂಡಿದ್ದೀವಿ, ಫೋನಲ್ಲಿ ಅದನ್ನ ಅಂದ್ರೆ ನಾನು ಏನೂ ಕೇಳ್ದೆ ಪೊಲೀಸ್ ಕರೀಬೇಕು. ಏನ್ ಪದ ಅಂತ ಇಲ್ಲಿ ಹೇಳಲ್ಲ ಬಿಡಿ.

ಕೊನೇ ದೂರು ಆ ಹನ್ನೆರಡು ವಾರದ್ದು. ಶುರೂಲಿ ಎಲ್ರೂ ಬರ್ತಾರೆ, ನೆಂಟರು, ಆಫೀಸಿನವರು, ಎಲ್ರೂ. ಮೂರು ತಿಂಗಳು ಆಗೋಷ್ಟ್ರಲ್ಲಿ ನೆಂಟರ ಫೋನ್ ನಿಲ್ಲುತ್ತೆ, ಸರಿಯಾಗಿ ಅದೇ ಟೈಮಿಗೆ ಜೊತೆಗಾರ್ತಿನೂ ನಿಂತೋಗ್ತಾರೆ. ಕೋರ್ಟಲ್ಲಿ ಮಾತ್ರ ಆಗಿನ್ನೂ ಎರಡನೇ ಡೇಟ್ ಬಂದಿರುತ್ತೆ. ಅಕ್ಕ ತುಂಬಾ ಕುಸಿದಿದ್ದು ಬಂದ ಹೊಸದ್ರಲ್ಲಲ್ಲ, ಐದನೇ ತಿಂಗಳಲ್ಲಿ, ಎಲ್ಲಾ ಸರಿಹೋಯ್ತು ಅಂತ ಎಲ್ರೂ ಅಂದ್ಕೊಂಡಾಗ. ದಿನಾ ರಾತ್ರಿ ಅವನ ನಂಬರ್ ತೆಗೆದು ನೋಡ್ತಾ ಕೂರ್ತಿದ್ಲು. ನಾನು ಈ ಸಲ ಬಾಯಿ ಮುಚ್ಕೊಂಡಿದ್ದೆ, ಪಕ್ಕದಲ್ಲಿ ಕೂತ್ಕೊಂಡೆ, ಹೋಗೋದಾದ್ರೂ ಇಲ್ಲಿನ ಕೀ ನಿನ್ ಹತ್ರನೇ ಇರ್ಲಿ ಅಂದೆ. ಅವಳು ಹೋಗ್ಲಿಲ್ಲ. ಹಳೇ ಜೊತೆಗಾರ್ತಿ ಲೆಕ್ಕದ ಪ್ರಕಾರ ಬರೋ ಹಾಗಿಲ್ದಿದ್ರೂ ಆ ತಿಂಗಳು ನಾಲ್ಕು ಸಲ ಬಂದಿದ್ರು, ರೂಲ್ಸ್ ಮುರಿದಿದ್ದಕ್ಕೆ ಅವರಿಗೆ ಯಾರಾದ್ರೂ ಬೈದ್ರೇನೋ ಗೊತ್ತಿಲ್ಲ.

ಅಪ್ಪ ಹೊಡೀತಿದ್ದ ಮನೆಯಿಂದ ಬಂದ ಮಗ ಈಗ ಹೆಂಗಿದ್ದಾನೆ ಅಂತ ಕೇಳೋರಿಗೆ: ಮೆಟ್ಟಿಲ ಮೇಲೆ ಕೂರ್ತಿದ್ದೋನು ಈಗ ಮೂರು ಹುಡುಗ್ರನ್ನ ಸೇರ್ಸ್ಕೊಂಡು ಹಿಂದಿನ ಜಾಗದಲ್ಲಿ ಶಟಲ್ ಆಡ್ತಾನೆ, ಗ್ರೂಪಿನವರು ನೋಡಿ ಎರಡು ರ‍್ಯಾಕೆಟ್ ತಂದುಕೊಟ್ಟಿದ್ದಾರೆ. ನೆಟ್ ಇನ್ನೂ ಬಂದಿಲ್ಲ, ಸೀರೆ ಕಟ್ಕೊಂಡಿದ್ದಾರೆ.

ನಾಲ್ಕು ಸ್ಟಾರ್. ಐದನೇದು ಸಂಜೆ ಬ್ಯಾಚ್ ಶುರು ಮಾಡಿದ ದಿನ ಬಂದು ಎಡಿಟ್ ಮಾಡಿ ಹಾಕ್ತೀನಿ.